ಗುಡವಿಯ ಹಿತ್ತಲಿನಿಂದ ಬಬಲ್ ಟೀ ಲೋಟಕ್ಕೆ

ಸೊರಬದಿಂದ ಬನವಾಸಿಯ ದಾರಿ ಹಿಡಿದು ಸುಮಾರು 15 ಕಿ.ಮೀ. ಸಾಗಿದರೆ ಗುಡವಿ. ಶಿವಮೊಗ್ಗ ಜಿಲ್ಲೆಯ ನಕಾಶೆಯಲ್ಲಿ ಹುಡುಕಿದರೂ ಕಣ್ಣಿಗೆ ಬೀಳದಷ್ಟು ಚಿಕ್ಕ ಊರು. ಆದರೆ ಹಕ್ಕಿಗಳಿಗೆ ಈ ಊರಿನ ವಿಳಾಸ ಚೆನ್ನಾಗಿ ಗೊತ್ತು. ಮುಂಗಾರು ಶುರುವಾಗಿ ಕೆರೆ ತುಂಬುತ್ತಿದ್ದಂತೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಬಕ ಎಲ್ಲವೂ ಇಲ್ಲಿಗೆ ಬಂದು, ಅರ್ಧ ಮುಳುಗಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಪಕ್ಷಿಧಾಮದ ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಇಷ್ಟು ಪುಟ್ಟ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ಒಂದೇ ಮರದಲ್ಲಿ ಮೇಲಂತಸ್ತು ಒಬ್ಬರದು, ಕೆಳಗಿನದು ಇನ್ನೊಬ್ಬರದು ಎಂಬಂತೆ ನಾಲ್ಕಾರು ಜಾತಿಯ ಹಕ್ಕಿಗಳು ಸಂಸಾರ ಹೂಡಿರುವುದನ್ನು ದಡದ ವೀಕ್ಷಣಾ ಗೋಪುರದಿಂದ ನೋಡಬಹುದು.

ಇಂಥ ಊರಿಗೂ ಬಬಲ್ ಟೀಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ರಜೆಯಲ್ಲಿ ಬೆಂಗಳೂರಿನಿಂದ ಅಜ್ಜನ ಮನೆಗೆ ಬರುವ ಮಕ್ಕಳು ಮಲೆನಾಡಿನ ಊರುಗಳಿಗೆಲ್ಲ ಈ ಹೆಸರನ್ನು ತಂದುಹಾಕಿದ್ದಾರೆ. ಹಕ್ಕಿ ನೋಡಿ ದಣಿದು ಹಿಂದಿರುಗುವಾಗ "ಇಲ್ಲಿ ಬಬಲ್ ಟೀ ಸಿಗುತ್ತದೆಯೇ?" ಎಂದು ಮಗು ಕೇಳಿದರೆ, ಅದು ಏನೆಂದೇ ತಿಳಿಯದ ಅಜ್ಜ ಅಪ್ಪನ ಮುಖ ನೋಡುತ್ತಾರೆ, ಅಪ್ಪ ಅಮ್ಮನ ಮುಖ ನೋಡುತ್ತಾರೆ. ಗುಡವಿಯಂಥ ಊರಿನಲ್ಲಿ ಬಬಲ್ ಟೀ ಅಂಗಡಿ ಹುಡುಕುವುದು ವ್ಯರ್ಥ. ಆದರೆ ಆ ಪೇಯದ ಜೀವಾಳವಾದ ವಸ್ತು ಅದೇ ಅಜ್ಜನ ಹಿತ್ತಲಿನಲ್ಲಿ, ಮಣ್ಣಿನಡಿಯಲ್ಲಿ ಬೆಳೆದು ಕುಳಿತಿರುವ ಸಾಧ್ಯತೆ ಉಂಟು. ಈ ಸಂಗತಿ ಮಗುವಿಗೂ ಗೊತ್ತಿಲ್ಲ, ಅಜ್ಜನಿಗೂ ಗೊತ್ತಿಲ್ಲ.

ಏನಿದು ಬಬಲ್ ಟೀ?

ಸರಳವಾಗಿ ಹೇಳುವುದಾದರೆ, ಹಾಲು ಸಕ್ಕರೆ ಬೆರೆಸಿ ಮಂಜುಗಡ್ಡೆಯೊಂದಿಗೆ ಚೆನ್ನಾಗಿ ಕುಲುಕಿದ ತಣ್ಣನೆಯ ಚಹಾ. ಲೋಟದ ತಳದಲ್ಲಿ ಕಡಲೆಕಾಳಿನ ಗಾತ್ರದ, ಕಪ್ಪು ಮಣಿಗಳಂಥ ಗುಂಡುಗಳು. ಹೆಬ್ಬೆರಳು ದಪ್ಪದ ಸ್ಟ್ರಾದಿಂದ ಹೀರಿದರೆ ಚಹಾದ ಜೊತೆಗೆ ಗುಂಡುಗಳೂ ಬಾಯಿಗೆ ಬರುತ್ತವೆ. ಅವನ್ನು ಅಗಿದು ತಿನ್ನಬೇಕು. ಅಂದರೆ ಇದು ಕುಡಿಯುವ ತಿಂಡಿ, ಇಲ್ಲವೇ ತಿನ್ನುವ ಪಾನೀಯ. ನಮ್ಮ ಸಬ್ಬಕ್ಕಿ ಪಾಯಸವನ್ನು ತಣ್ಣಗೆ ಮಾಡಿ ಚಹಾಕ್ಕೆ ಸುರಿದಂತೆ ಎಂದರೆ ಚಿತ್ರ ಹೆಚ್ಚುಕಡಿಮೆ ಸರಿಹೋಗುತ್ತದೆ.

ಇದರ ತವರು ತೈವಾನ್. ಅಲ್ಲಿಯ ತೈಚುಂಗ್ ನಗರದ ಚುನ್ ಶುಯಿ ತಾಂಗ್ ಎಂಬ ಚಹಾ ಮಂದಿರದವರು, 1988ರಲ್ಲಿ ತಮ್ಮಲ್ಲೇ ಮೊದಲು ಚಹಾಕ್ಕೆ ಗುಂಡು ಹಾಕಿದ್ದು ಎನ್ನುತ್ತಾರೆ. ತೈನಾನ್ ನಗರದ ಹಾನ್‌ಲಿನ್ ಚಹಾ ಮಂದಿರದವರು, ಇಲ್ಲ, 1986ರಲ್ಲೇ ನಾವು ಮಾಡಿದ್ದೆವು ಎನ್ನುತ್ತಾರೆ. ಜಗಳ ನ್ಯಾಯಾಲಯದ ಮೆಟ್ಟಿಲೇರಿ ಹತ್ತು ವರ್ಷ ನಡೆಯಿತು. ಕೊನೆಗೆ 2019ರಲ್ಲಿ, ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು, ಆದ್ದರಿಂದ ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವೇ ಇಲ್ಲ ಎಂದು ನ್ಯಾಯಾಲಯ ಕೈತೊಳೆದುಕೊಂಡಿತು. ಮಸಾಲೆ ದೋಸೆಯನ್ನು ಮೊದಲು ಹುಯ್ದವರಾರು ಎಂದು ಉಡುಪಿ ಹೋಟೆಲಿನವರು ಕೋರ್ಟಿಗೆ ಹೋಗದಿದ್ದುದು ನಮ್ಮ ಪುಣ್ಯ!

ಇನ್ನೊಂದು ಸ್ವಾರಸ್ಯ. 'ಬಬಲ್' ಎಂಬ ಹೆಸರು ಬಂದದ್ದು ಈ ಗುಂಡುಗಳಿಂದಲ್ಲ. ಚಹಾವನ್ನು ಕುಲುಕಿದಾಗ ಮೇಲೆ ಏಳುವ ನೊರೆಯ ಗುಳ್ಳೆಗಳಿಂದ. ಗುಂಡು ಸೇರುವ ಮೊದಲೇ ತೈವಾನಿನಲ್ಲಿ ನೊರೆ ಚಹಾ ಪ್ರಸಿದ್ಧವಾಗಿತ್ತು. ಈಗಿನ ಹುಡುಗರು 'ಬೋಬಾ' ಎನ್ನುವುದು ಮಾತ್ರ ಗುಂಡುಗಳನ್ನೇ.

ಹಿತ್ತಲಿನ ಮೂರು ಗಿಡ

ಆ ಗುಂಡುಗಳು ಮರಗೆಣಸಿನ ಪಿಷ್ಟದಿಂದ ಆದವು. ಪೇಟೆಯ ಭಾಷೆಯಲ್ಲಿ ಟ್ಯಾಪಿಯೋಕಾ. ಮರಗೆಣಸು ದಕ್ಷಿಣ ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂತು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆ ಇದು ಮದ್ದೆಂದು ಕಂಡು ಕೃಷಿಗೆ ಪ್ರೋತ್ಸಾಹ ಕೊಟ್ಟರು. ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದವರು ಜೊತೆಗೆ ಇದರ ಕಾಂಡವನ್ನೂ ತಂದರು. ಒಂದು ಗೇಣು ಕಾಂಡ ಮುರಿದು ಮಣ್ಣಿಗೆ ಊರಿದರೆ ಸಾಕು, ಚಿಗುರುತ್ತದೆ, ಬೀಜದ ಹಂಗಿಲ್ಲ. ಬೇಲಿ ಮುರಿದು ಬರುವ ಹಂದಿಗಳಿಗೂ ಇದು ಬಲು ಇಷ್ಟ ಎಂಬುದೊಂದೇ ರೈತನ ತಕರಾರು.

ಮಲೆನಾಡಿಗೆ ಮರಗೆಣಸು ನಿನ್ನೆ ಮೊನ್ನೆಯ ನೆಂಟ. ಅದಕ್ಕಿಂತ ಹಳೆಯ ಎರಡು ಪಿಷ್ಟದ ಗಿಡಗಳು ಇಲ್ಲಿವೆ. ಒಂದು ಕೂವೆ. ಅರಿಶಿನದ ಬಳಗಕ್ಕೆ ಸೇರಿದ ಕಾಡಿನ ಕೂವೆ ಬೇರೆ, ಅಮೆರಿಕ ಖಂಡದಿಂದ ಬಂದು ತೋಟ ಸೇರಿದ ಆರಾರೂಟು ಬೇರೆ. ಎರಡನ್ನೂ ಜನ ಕೂವೆ ಎಂದೇ ಕರೆಯುತ್ತಾರೆ. ಮಳೆಗಾಲ ಮುಗಿದು ಎಲೆ ಒಣಗಿದ ಮೇಲೆ ಗಡ್ಡೆ ಅಗೆಯುತ್ತಾರೆ. ತೊಳೆದು, ತುರಿದು ಅಥವಾ ಅರೆದು, ನೀರಿನಲ್ಲಿ ಕಲಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಪಾತ್ರೆಯ ತಳದಲ್ಲಿ ಬೆಳ್ಳನೆಯ ಹಿಟ್ಟು ಇಳಿಯುತ್ತದೆ. ಮೇಲಿನ ನೀರು ಚೆಲ್ಲಿ ಹೊಸ ನೀರು ಹೊಯ್ಯಬೇಕು. ಮತ್ತೆ ಇಳಿಯಲು ಬಿಡಬೇಕು. ಹೀಗೆ ಕೆಲವು ದಿನ ಮಾಡಿದರೆ ಕಹಿ, ಬಣ್ಣ, ಕಸ ಎಲ್ಲ ಹೋಗಿ ಸುಣ್ಣದ ಕಲ್ಲಿನಂತೆ ಬಿಳಿಯಾದ ಹಿಟ್ಟು ಉಳಿಯುತ್ತದೆ. ಅದನ್ನು ಬಿಸಿಲಿಗೆ ಒಣಗಿಸಿ ಭರಣಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಹೊಟ್ಟೆ ಕೆಟ್ಟಾಗ ಕೂವೆ ಗಂಜಿ, ಮಗುವಿಗೆ ಕೂವೆ ಮಣ್ಣಿ, ಬೇಸಿಗೆಯಲ್ಲಿ ಹಾಲು ಬೆಲ್ಲ ಹಾಕಿದ ಕೂವೆ ಪಾನಕ. ಪ್ರಯೋಗಾಲಯದಲ್ಲಿ 'ನಿಕ್ಷೇಪಣೆ' ಎಂದು ಹುಡುಗರು ಬಾಯಿಪಾಠ ಮಾಡುವ ಕ್ರಿಯೆಯನ್ನು ಈ ಅಡುಗೆಮನೆಗಳು ತಲೆತಲಾಂತರದಿಂದ ಮಾಡುತ್ತ ಬಂದಿವೆ.

ಎರಡನೆಯದು ಬೈನೆ ಮರ. ಕೆಲವು ಕಡೆ ಬಗನಿ ಎನ್ನುತ್ತಾರೆ. ತಾಳೆಯ ಜಾತಿಯದೇ ಆದರೂ ಎಲೆಯ ತುಣುಕುಗಳು ಮೀನಿನ ಬಾಲದಂತೆ ಕತ್ತರಿಸಿಕೊಂಡಿರುವುದರಿಂದ ದೂರದಿಂದಲೇ ಗುರುತು ಹಿಡಿಯಬಹುದು. ಸೊರಬ, ಸಾಗರ, ಸಿದ್ದಾಪುರದ ಕಡೆ ಕಾಡಂಚಿನಲ್ಲಿ ಕಾಣಸಿಗುತ್ತದೆ. ಇದರ ಬದುಕಿನ ಕ್ರಮವೇ ವಿಚಿತ್ರ. ಎಷ್ಟೋ ವರ್ಷ ಹೂ ಬಿಡದೆ ಬರಿದೇ ಬೆಳೆಯುತ್ತದೆ. ಆ ಕಾಲವೆಲ್ಲ ಕಾಂಡದ ತಿರುಳಿನಲ್ಲಿ ಪಿಷ್ಟವನ್ನು ಕೂಡಿಡುತ್ತ ಹೋಗುತ್ತದೆ. ಬಳಿಕ ತುದಿಯಲ್ಲಿ ಮೊದಲ ಹೂಗೊಂಚಲು, ಕುದುರೆಯ ಬಾಲದಂತೆ ಇಳಿಬಿದ್ದು. ಮುಂದಿನದು ಅದಕ್ಕಿಂತ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ಮೇಲಿಂದ ಕೆಳಕ್ಕೆ ಹೂ ಬಿಡುತ್ತ ಬಂದು, ಕಟ್ಟಕಡೆಯ ಗೊನೆ ಹಣ್ಣಾದ ಮೇಲೆ ಮರ ಸಾಯುತ್ತದೆ. ಕೂಡಿಟ್ಟ ಪಿಷ್ಟವೆಲ್ಲ ಸಕ್ಕರೆಯಾಗಿ ಕರಗಿ ಹೂವು ಕಾಯಿಗಳಿಗೆ ವೆಚ್ಚವಾಗಿರುತ್ತದೆ. ಹೂವಿನ ದಂಟನ್ನು ಕೊಯ್ದಾಗ ಒಸರುವ ಸಿಹಿರಸ, ಅದು ಹುಳಿತಾಗ ಆಗುವ ಹೆಂಡ, ಎಲ್ಲದರ ಮೂಲವೂ ಆ ಗಂಟೇ.

ಹಿಂದಿನವರು ಹೂ ಬಿಡುವ ಮೊದಲೇ ಮರ ಕಡಿದು, ತಿರುಳನ್ನು ಕುಟ್ಟಿ ತೊಳೆದು ಹಿಟ್ಟು ತೆಗೆಯುತ್ತಿದ್ದರು. ಬರಗಾಲದಲ್ಲಿ ಇದು ಜನರ ಪ್ರಾಣ ಉಳಿಸಿದ್ದುಂಟು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರೋ ಈ ಹಿಟ್ಟು ಹೊರದೇಶದ ಉತ್ತಮ ಸಬ್ಬಕ್ಕಿಗೆ ಸಮ ಎಂದು ಬರೆದಿಟ್ಟಿದ್ದಾರೆ. ಇದರ ವೈಜ್ಞಾನಿಕ ಹೆಸರು ಕ್ಯಾರಿಯೋಟ ಯುರೆನ್ಸ್. ಯುರೆನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಉರಿಸುವಂಥದ್ದು. ಹಣ್ಣಿನ ರಸ ತಾಗಿದರೆ ವಿಪರೀತ ತುರಿಕೆ. ಮಕ್ಕಳು ಕುತೂಹಲಕ್ಕೂ ಕೈಹಾಕಬಾರದು.

ಅಕ್ಕಿಯಲ್ಲದ ಸಬ್ಬಕ್ಕಿ

ಸಬ್ಬಕ್ಕಿಯ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಹೆಸರಿನಲ್ಲಿ ಅಕ್ಕಿ ಇದೆ, ಭತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಡೊನೇಷ್ಯ, ಮಲಯ, ನ್ಯೂಗಿನಿಗಳಲ್ಲಿ ಬೆಳೆಯುವ ಸಾಗು ತಾಳೆಯ ಕಾಂಡದ ತಿರುಳಿನಿಂದ ಮಾಡುತ್ತಿದ್ದ ಕಾಳು ಅದು. ನಮ್ಮ ಬೈನೆಯ ದೂರದ ದಾಯಾದಿ ಎನ್ನಬಹುದು. ಎರಡನೆಯ ಮಹಾಯುದ್ಧದಲ್ಲಿ ಆ ಕಡೆಯ ಹಡಗುಗಳು ನಿಂತುಹೋದವು. ಆಗ, 1943-44ರ ಹೊತ್ತಿಗೆ, ತಮಿಳುನಾಡಿನ ಸೇಲಂನಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಉದ್ಯಮ ಹುಟ್ಟಿತು. ಗೆಣಸನ್ನು ಅರೆದು ಹಿಟ್ಟು ಇಳಿಸಿ, ಒದ್ದೆ ಹಿಟ್ಟನ್ನು ಬಟ್ಟೆಯ ತೊಟ್ಟಿಲಿನಲ್ಲಿ ಹಾಕಿ ತೂಗಿದರೆ ಅದು ತಾನಾಗಿ ಉರುಳಿ ಉರುಳಿ ಕಾಳುಗಟ್ಟುತ್ತದೆ. ಆ ಕಾಳನ್ನು ಕಾದ ಬಾಣಲೆಯಲ್ಲಿ ಹುರಿದು ಒಣಗಿಸುತ್ತಾರೆ. ಕಾರ್ಖಾನೆಗಳಲ್ಲಿ ಈಗ ಯಂತ್ರಗಳು ಬಂದಿವೆ, ತತ್ತ್ವ ಮಾತ್ರ ಅದೇ. 1981ರಲ್ಲಿ ಅಲ್ಲಿ ಉತ್ಪಾದಕರ ಸಹಕಾರ ಸಂಘವೂ ಆಯಿತು. ಇಂದು ಏಕಾದಶಿಯ ಉಪವಾಸಕ್ಕೆ ಕರ್ನಾಟಕದ ಮನೆಗಳಲ್ಲಿ ಮಾಡುವ ಸಬ್ಬಕ್ಕಿ ಉಪ್ಪಿಟ್ಟು ದಕ್ಷಿಣ ಅಮೆರಿಕದ ಗೆಡ್ಡೆಯ ಫಲಾಹಾರ. ಶಾಸ್ತ್ರ ಬರೆದವರಿಗೆ ಮರಗೆಣಸಿನ ಗಂಧಗಾಳಿಯೂ ಇರಲಿಲ್ಲ.

ಬಬಲ್ ಟೀಯ ಗುಂಡು ಈ ಸಬ್ಬಕ್ಕಿಯ ದೊಡ್ಡಣ್ಣ. ಬಣ್ಣ ಕಪ್ಪಾಗಲು ಕಂದು ಸಕ್ಕರೆ ಅಥವಾ ಕ್ಯಾರಮೆಲ್ ಕಾರಣ.

ಬಾಯಿಗೆ ರಬ್ಬರಿನಂತೇಕೆ?

ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗ ಇದು. ಪಿಷ್ಟ ಎಂಬುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಪುಟ್ಟ ಕಣಗಳ ರಾಶಿ. ಒಂದೊಂದು ಕಣದೊಳಗೂ ಗ್ಲೂಕೋಸ್ ಕೊಂಡಿಗಳಿಂದಾದ ಉದ್ದನೆಯ ಸರಪಳಿಗಳು ಒತ್ತೊತ್ತಾಗಿ ಸುತ್ತಿಕೊಂಡಿರುತ್ತವೆ. ಕೊಂಬೆಗಳಿಲ್ಲದ ನೇರ ಸರಪಳಿಗೆ ಅಮೈಲೋಸ್ ಎಂದೂ ಕವಲೊಡೆದದ್ದಕ್ಕೆ ಅಮೈಲೋಪೆಕ್ಟಿನ್ ಎಂದೂ ಹೆಸರು. ತಣ್ಣೀರಿನಲ್ಲಿ ಕಣಗಳು ಕರಗುವುದಿಲ್ಲ; ಆದ್ದರಿಂದಲೇ ಕೂವೆ ಹಿಟ್ಟು ತಳಕ್ಕೆ ಇಳಿಯುತ್ತದೆ. ನೀರು 60-70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಣದೊಳಕ್ಕೆ ನೀರು ನುಗ್ಗಿ, ಅದು ಊದಿಕೊಂಡು ಬಿರಿದು, ಸರಪಳಿಗಳು ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಳಿಯ ಹಿಟ್ಟು ಗಾಜಿನಂತೆ ಪಾರದರ್ಶಕವಾಗುತ್ತದೆ. ಸಬ್ಬಕ್ಕಿ ಬೇಯುವಾಗ ನಡುವಿನ ಬಿಳಿ ಚುಕ್ಕೆ ಕರಗುವುದನ್ನು ಕಾದು ನೋಡಿದ ಪ್ರತಿಯೊಬ್ಬ ಗೃಹಿಣಿಯೂ ಈ ಪಾಠವನ್ನು ಕಣ್ಣಾರೆ ಕಂಡವಳೇ. ಮರಗೆಣಸಿನ ಪಿಷ್ಟದಲ್ಲಿ ಕವಲೊಡೆದ ಸರಪಳಿಯ ಪಾಲು ಬಹಳ ಹೆಚ್ಚು. ಅದರಿಂದಲೇ ಆ ಜಿಗುಟು, ಆ ಪುಟಿಯುವ ಗುಣ.

ಬೆಂದ ಗುಂಡು ತಣ್ಣಗಾಗಿ ಕೆಲವು ಗಂಟೆ ಕಳೆದರೆ ಸರಪಳಿಗಳು ಮತ್ತೆ ಸಾಲುಗಟ್ಟಿ ನೀರನ್ನು ಹೊರದೂಡುತ್ತವೆ. ಗುಂಡು ಗಟ್ಟಿಯಾಗುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದೂ ಇದೇ ಕಾರಣಕ್ಕೆ. ಬಬಲ್ ಟೀ ಅಂಗಡಿಯವರು ಗುಂಡುಗಳನ್ನು ಹೊತ್ತು ಹೊತ್ತಿಗೆ ಹೊಸದಾಗಿ ಬೇಯಿಸುವುದು ಅದಕ್ಕಾಗಿಯೇ ಹೊರತು ಗಿರಾಕಿಯ ಮೇಲಿನ ಮಮತೆಗಲ್ಲ.

ಮನೆಯಲ್ಲೇ ಮಾಡಿ ನೋಡಬಹುದು. ಒಂದು ಬಟ್ಟಲು ಮರಗೆಣಸಿನ ಪಿಷ್ಟಕ್ಕೆ ಕುದಿಯುವ ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿದು ಕಲಸಿದರೆ ಹಿಟ್ಟಿನ ಒಂದು ಪಾಲು ಬೆಂದು ಅಂಟಾಗಿ ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ಕಡಲೆಗಾತ್ರದ ಉಂಡೆ ಕಟ್ಟಿ ಅರ್ಧ ಗಂಟೆ ಕುದಿಸಬೇಕು. ನೀರು ಕುದಿಯದೆ ತಣ್ಣಗಿದ್ದರೆ ಉಂಡೆ ಕಟ್ಟುವುದೇ ಇಲ್ಲ. ಹಿಟ್ಟು ಬೆರಳಲ್ಲಿ ಗುದ್ದಿದರೆ ಕಲ್ಲಾಗುತ್ತದೆ, ಬಿಟ್ಟರೆ ನೀರಾಗಿ ಹರಿಯುತ್ತದೆ. ಅದೂ ನೋಡತಕ್ಕ ತಮಾಷೆಯೇ. ಒಲೆಯ ಹತ್ತಿರದ ಕೆಲಸ ಮಾತ್ರ ಹಿರಿಯರ ಕೈಯಲ್ಲಿರಲಿ.

ಬಾಯಲ್ಲಿ ಪಟಕ್ಕನೆ ಒಡೆದು ರಸ ಚಿಮ್ಮುವ ಇನ್ನೊಂದು ಬಗೆಯ ಗುಂಡೂ ಈಗ ಸಿಗುತ್ತದೆ. ಅದರಲ್ಲಿ ಪಿಷ್ಟವಿಲ್ಲ. ಸಮುದ್ರದ ಕಂದು ಪಾಚಿಯಿಂದ ತೆಗೆದ ಆಲ್ಜಿನೇಟಿಗೆ ಕ್ಯಾಲ್ಸಿಯಂ ಸೋಕಿದಾಗ ಆಗುವ ತೆಳುಪೊರೆ ಅದು. ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯಂತೂ ಮೂರನೆಯದೇ ಬಗೆ. ಬೇಸಿಗೆಯ ಪಾನಕದಲ್ಲಿ ಕಾಮಕಸ್ತೂರಿ ಕುಡಿದವರಿಗೆ ಲೋಟದಲ್ಲಿ ಮಣಿ ತೇಲುವುದು ಹೊಸ ವಿಷಯವಲ್ಲ.

ಪೇಟೆಯ ಹುಚ್ಚು

1990ರ ದಶಕದಲ್ಲಿ ತೈವಾನಿನ ವಲಸೆಗಾರರೊಂದಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿದ ಈ ಪೇಯ ಅಲ್ಲಿಂದ ಊರೂರು ಸುತ್ತಿತು. 2020ರಲ್ಲಿ ಮೊಬೈಲಿನ ಚಿತ್ರಲಿಪಿಯಲ್ಲೂ ಇದಕ್ಕೊಂದು ಚಿತ್ರ ಸಿಕ್ಕಿತು. ಬೆಂಗಳೂರಿನ ಮಾಲುಗಳಲ್ಲಿ, ಕೋರಮಂಗಲ, ಇಂದಿರಾನಗರಗಳ ರಸ್ತೆಗಳಲ್ಲಿ ಇದರ ಅಂಗಡಿಗಳಿವೆ. 2023ರಲ್ಲಿ ಅಲ್ಲಿಯೇ ಹುಟ್ಟಿದ 'ಬೋಬಾ ಭಾಯ್' ಎಂಬ ಕಂಪನಿ ಇದಕ್ಕೆ ದೇಸಿ ರುಚಿಗಳನ್ನು ಬೆರೆಸಿ ಮಾರುತ್ತಿದೆ. ಜನಪ್ರಿಯತೆಗೆ ಕಾರಣ ಬಹಳ ಗಹನವಾದದ್ದೇನಲ್ಲ. ನೋಡಲು ಚೆಂದ, ಫೋಟೋಕ್ಕೆ ಒಪ್ಪುತ್ತದೆ. ಸಕ್ಕರೆ ಎಷ್ಟು, ಐಸ್ ಎಷ್ಟು, ಗುಂಡು ಯಾವುದು ಎಂದು ಗಿರಾಕಿಯೇ ಹೇಳಬಹುದು. ಕಾಫಿ ಅಂಗಡಿ ದೊಡ್ಡವರದು, ಇದು ನಮ್ಮದು ಎಂಬ ಭಾವನೆಯೂ ಹುಡುಗರಲ್ಲಿರಬಹುದು.

ತಂದೆತಾಯಿಗಳು ತಿಳಿಯಬೇಕಾದ ಎರಡು ಮಾತು. ಮೊದಲನೆಯದು ಸಕ್ಕರೆ. ಆಹಾರಕ್ಕೆ ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಟೀ ಚಮಚೆ ದಾಟದಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಪೂರ್ತಿ ಸಿಹಿ ಹಾಕಿಸಿದ ಒಂದು ದೊಡ್ಡ ಲೋಟ ಬಬಲ್ ಟೀ ಒಂದೇ ಆ ಗೆರೆಯನ್ನು ದಾಟಿಬಿಡಬಲ್ಲದು. ಸಿಂಗಪುರದಲ್ಲಿ 2023ರ ಡಿಸೆಂಬರ್ 30ರಿಂದ, ಅಂಗಡಿಯಲ್ಲೇ ಬೆರೆಸಿ ಕೊಡುವ ಇಂಥ ಪಾನೀಯಗಳಿಗೂ ಸಕ್ಕರೆ ಮತ್ತು ಕೊಬ್ಬಿನ ಅಂಶದ ಮೇಲೆ ದರ್ಜೆ ನಮೂದಿಸುವ ನಿಯಮ ಬಂದಿದೆ. ಎರಡನೆಯದು ಉಸಿರು. ದಪ್ಪ ಸ್ಟ್ರಾದಲ್ಲಿ ಜೋರಾಗಿ ಹೀರಿದಾಗ ಗುಂಡು ನೇರ ಗಂಟಲಿಗೆ ಹಾರುತ್ತದೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು. ದೊಡ್ಡ ಮಕ್ಕಳೂ ನಗುತ್ತ ಓಡುತ್ತ ಕುಡಿಯಬಾರದು.

ಮರಗೆಣಸಿನ ಬಗ್ಗೆಯೂ ಒಂದು ಎಚ್ಚರ. ಹಸಿ ಗೆಣಸಿನಲ್ಲಿರುವ ಲಿನಾಮರಿನ್ ಎಂಬ ವಸ್ತುವಿನಿಂದ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಕಹಿ ತಳಿಗಳಲ್ಲಿ ಇದು ಹೆಚ್ಚು. ಸಿಪ್ಪೆ ತೆಗೆದು, ತುಂಡು ಮಾಡಿ, ನೀರಿನಲ್ಲಿ ನೆನೆಸಿ, ಚೆನ್ನಾಗಿ ಬೇಯಿಸಿ ನೀರು ಬಸಿಯುವ ಹಳೆಯ ಪದ್ಧತಿ ಸುಮ್ಮನೆ ಬಂದದ್ದಲ್ಲ. ಹಸಿಯಾಗಿ ಕಡಿಯಬಾರದು.

ಹಿತ್ತಲಿನ ಕೂವೆಯ ಸ್ಥಿತಿ ಮಾತ್ರ ಚಿಂತೆಯದು. ಅಗೆಯಲು, ತುರಿಯಲು, ದಿನವೂ ನೀರು ಬದಲಿಸಲು ಮನೆಗಳಲ್ಲಿ ಜನವಿಲ್ಲ. ಹತ್ತು ಸೇರು ಗಡ್ಡೆಗೆ ಸಿಗುವ ಹಿಟ್ಟು ಬಲು ಸ್ವಲ್ಪ. ಅಂಗಡಿಯ ಆರಾರೂಟು ಪೊಟ್ಟಣ ಸುಲಭ, ಅದರೊಳಗೆ ಜೋಳದ ಪಿಷ್ಟ ಬೆರೆತಿದ್ದರೂ ಕೇಳುವವರಿಲ್ಲ. ತೈವಾನಿನವರು ಒಂದು ಗುಂಡನ್ನು ಹಿಡಿದು ಜಗತ್ತನ್ನು ಸುತ್ತಿದರು. ಆ ಗುಂಡಿಗೆ ಬೇಕಾದ ಪಿಷ್ಟ ಮಾರಿ ಥಾಯ್ಲೆಂಡ್ ಜಗತ್ತಿನ ಅತಿದೊಡ್ಡ ರಫ್ತುದಾರನಾಯಿತು. ಅಜ್ಜಿಯ ಕೈಯ ಕೂವೆಹಿಟ್ಟು ಒಂದು ಪೀಳಿಗೆಯಿಂದ ಮುಂದಿನ ಪೀಳಿಗೆಗೆ ದಾಟುವುದಕ್ಕೇ ಒದ್ದಾಡುತ್ತಿದೆ. ಹೈಸ್ಕೂಲಿನ ಪ್ರವಾಸದಲ್ಲಿ ಗುಡವಿಗೆ ಬರುವ ಮಕ್ಕಳನ್ನು ಒಂದು ಗಂಟೆ ಊರೊಳಗಿನ ಹಿತ್ತಲಿಗೂ ಕರೆದೊಯ್ದರೆ ಪಠ್ಯದ ಮೂರು ಅಧ್ಯಾಯ ಅಲ್ಲೇ ಮುಗಿಯುತ್ತದೆ.

ಕೆರೆಯ ದಡದಲ್ಲಿ

ಕೆರೆಗೆ ಹೋಗುವಾಗ ಕೈಯಲ್ಲಿ ಯಾವ ಪಾನೀಯದ ಲೋಟವೂ ಬೇಡ. ಗೂಡಿಗೆ ಕಡ್ಡಿ ಹುಡುಕುವ ಹಕ್ಕಿಗೆ ಬಿಸಾಡಿದ ಸ್ಟ್ರಾ ಕೂಡ ಕಡ್ಡಿಯೇ. ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಸ್ಟ್ರಾಗಳಿಗೆ ನಿಷೇಧವಿದೆ. ನಿಷೇಧ ಕಾಗದದ ಮೇಲಿದೆ. ಪ್ಲಾಸ್ಟಿಕ್ ಎಲ್ಲಿದೆ ಎಂಬುದನ್ನು ಯಾವ ಪ್ರವಾಸಿ ತಾಣದಲ್ಲಾದರೂ ಕಾಣಬಹುದು. ಮನೆಯಿಂದ ಸ್ಟೀಲ್ ಬಾಟಲಿಯಲ್ಲಿ ಮುರುಗಲು ಶರಬತ್ತನ್ನೋ ಎಳ್ಳುನೀರನ್ನೋ ತಂದರೆ ದಾಹವೂ ತೀರುತ್ತದೆ, ಬಾಟಲಿಯೂ ಮನೆಗೆ ಹಿಂದಿರುಗುತ್ತದೆ.

ಗುಡವಿಗೆ ಹೋಗಲು ಜೂನ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಮಳೆ ಬಿರುಸಾಗಿರುವ ಜುಲೈಯಲ್ಲಿ ಕೊಡೆ ಸಾಲದು, ರೈನ್‌ಕೋಟು ಬೇಕು. ಬೆಂಗಳೂರಿನ ಕಡೆಯಿಂದ ಬರುವವರಿಗೆ ಸಾಗರದವರೆಗೆ ರೈಲು ಇದೆ, ಅಲ್ಲಿಂದ ಸೊರಬಕ್ಕೆ ಬಸ್ಸು. ಬೆಳಗಿನ ಹೊತ್ತು ಅಥವಾ ಹಕ್ಕಿಗಳು ಗೂಡಿಗೆ ಮರಳುವ ಸಂಜೆ ಕೆರೆಯ ಬಳಿ ಇದ್ದರೆ ಲಾಭ ಹೆಚ್ಚು. ಕಡು ಬಣ್ಣದ ಅಂಗಿ, ಜೋರು ಮಾತು ಬೇಡ. ನಡುವಿನ ಬಿಸಿಲು ಹೊತ್ತನ್ನು ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಇಟ್ಟುಕೊಳ್ಳಬಹುದು. ಡಿಸೆಂಬರಿನ ಕೊನೆಗೆ ಬರುವವರಿಗೆ ಹಕ್ಕಿಗಳ ಸಂಖ್ಯೆ ಕಡಿಮೆಯಾಗಿರಬಹುದು, ಆದರೆ ಕೂವೆ ಅಗೆಯುವ ಕಾಲ ಆಗ ಶುರುವಾಗಿರುತ್ತದೆ. ಅಂಗಳದಲ್ಲಿ ಬಿಳಿಬಟ್ಟೆಯ ಮೇಲೆ ಹಿಟ್ಟು ಒಣಗುತ್ತಿರುವ ಮನೆ ಕಂಡರೆ ನಿಂತು ಕೇಳಿ. ಮಲೆನಾಡಿನವರು ತೋರಿಸದೆ ಕಳಿಸುವುದಿಲ್ಲ.